ವಯಸ್ಸಾದ ಹೆಣ್ಣುಮಕ್ಕಳ ಊಟ ಮತ್ತು ಶ್ವಾಸಕೋಶದ ಕ್ಯಾನ್ಸರ್: ಜೋಳದ ರೊಟ್ಟಿ ತಾಟಿಗೆ ಅಂಕ ಹಾಕೋದು ಹೆಂಗ್ರಿ?

ಮಲಪ್ರಭಾದಂಡಿ (ಹುನಗುಂದ ತಾಲೂಕು, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ್ರಿ. ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಕೆಲಸದ ಭಾಗವಾಗಿ ಮುಂದಿನ ವಾರ ಮೂರು ಸ್ವಸಹಾಯ ಸಂಘಗಳಿಗೆ ಒಂದೊಂದು ತಾಸಿನ ಆರೋಗ್ಯ ಮಾತುಕತೆ ಇಟ್ಟೇನಿ. ಬರುವವರು 55ರಿಂದ 75ರ ಹೆಣ್ಣುಮಕ್ಕಳು. ಬೀಡಿ ಸೇದುವವರು ಯಾರೂ ಇಲ್ಲ. ಕೆಲವರು ಮಿಸರಿ (ಹುರಿದ ತಂಬಾಕಿನ ಹಲ್ಲುಪುಡಿ) ತಿಕ್ಕತಾರ. ಗ್ಯಾಸ್ ಎಲ್ಲರ ಮನ್ಯಾಗೂ ಐತಿ, ಆದರ ರೊಟ್ಟಿ ಮತ್ತು ಜಳಕದ ನೀರು ಇನ್ನೂ ಕಟ್ಟಿಗಿ ಒಲಿ ಮ್ಯಾಲೇ.

"ಒಳ್ಳೆ ಊಟ ಉಂಡರ ವಯಸ್ಸಾದ ಹೆಂಗಸರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮಿ" ಅನ್ನೋ ಸುದ್ದಿ ವಾಟ್ಸಾಪಿನಾಗ ಓಡಾಡಾಕತ್ತೈತಿ. ಅದರ ಬಗ್ಗೆ ಕೇಳೇ ಕೇಳತಾರ. ಈ ಮಾತಿನಾಗ ಎಷ್ಟು ತೂಕ ಐತಿ? ಹೊರದೇಶದ ಊಟಕ್ಕ ಮಾಡಿದ ಅಂಕಪದ್ಧತಿನ ರೊಟ್ಟಿ, ಪಲ್ಯೆ, ಹಿಂಡಿ ಇರೋ ತಾಟಿಗೆ ಹೆಂಗ ಹೊಂದಿಸಬೇಕು? ಗ್ರಾಂ ಲೆಕ್ಕ ಇದ್ದರ ಛಲೋ, ವಾಟಗಾದ (ಬಟ್ಟಲಿನ) ಲೆಕ್ಕ ಇದ್ದರ ಇನ್ನೂ ಛಲೋ. ಇನ್ನೊಂದು, ಇಬ್ಬರು ಮೂವರು "ವಿಟಮಿನ್ ಎ ಗುಳಿಗಿ ತಗೊಂಡರ ಆಗಂಗಿಲ್ಲೇನ್ರಿ" ಅಂತ ಈಗಾಗಲೇ ಕೇಳ್ಯಾರ.

———

ಎಣಿಕೆಮಣಿ (ಬೆಳಗಾವಿ)

ಸಿಸ್ಟರ್, ಮೊದಲು ತೂಕದ ಪ್ರಶ್ನೆ. ಈ ವಿಷಯದ ದೊಡ್ಡ ಅಧ್ಯಯನಗಳಲ್ಲಿ ಒಂದು ಅಮೆರಿಕದ ಎನ್‌ಐಎಚ್-ಎಎಆರ್‌ಪಿ. 1995-96ರಲ್ಲಿ ಶುರುವಾಯಿತು. 50ರಿಂದ 71ರ ವಯಸ್ಸಿನ ಗಂಡಸರೂ ಹೆಂಗಸರೂ ಅದರಲ್ಲಿದ್ದರು. ಸುಮಾರು 4.6 ಲಕ್ಷ ಜನರನ್ನು ಹತ್ತು ವರ್ಷ ಗಮನಿಸಿದಾಗ 9,200ಕ್ಕೂ ಹೆಚ್ಚು ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಊಟವನ್ನು ನಾಲ್ಕು ಬೇರೆ ಬೇರೆ ಅಂಕಪದ್ಧತಿಗಳಲ್ಲಿ ಅಳೆದರು. ಯಾವ ಪದ್ಧತಿ ಹಿಡಿದರೂ, ಅತಿ ಹೆಚ್ಚು ಅಂಕ ಬಿದ್ದ ಐದನೇ ಒಂದು ಭಾಗದವರಿಗೆ ಅತಿ ಕಡಿಮೆ ಅಂಕದವರಿಗಿಂತ ಅಪಾಯ ಶೇ 14ರಿಂದ 17ರಷ್ಟು ಕಡಿಮೆ ಕಂಡಿತು. ಊಟದ ಭಾಗಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಎದ್ದು ಕಂಡದ್ದು ಹೊಟ್ಟು ತೆಗೆಯದ ಧಾನ್ಯ ಮತ್ತು ಹಣ್ಣು.

ಈ ಶೇ 15ನ್ನು ಸಭೆಯಲ್ಲಿ ಹಾಗೇ ಹೇಳಬೇಡಿ, ನೂರರಲ್ಲಿ ಹದಿನೈದು ಮಂದಿ ಬದುಕಿದರು ಅಂತ ಕೇಳುವವರು ತಿಳಿಯುತ್ತಾರೆ. ಲೆಕ್ಕಕ್ಕೆ ಸಾವಿರ ಜನರ ಒಂದು ಗುಂಪಿನಲ್ಲಿ 20 ಮಂದಿಗೆ ಬರುವುದಿತ್ತು ಅಂತ ಹಿಡಿಯಿರಿ. ಶೇ 15 ಕಡಿಮೆ ಅಂದರೆ ಅದು 17 ಆಗುತ್ತದೆ. ಸಾವಿರಕ್ಕೆ ಮೂರು. ಅದೂ ಬೆಲೆಯುಳ್ಳದ್ದೇ, ಆದರೆ ಅಷ್ಟೇ. ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ: ಸಿಗರೇಟು ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಸೇದದವರಿಗಿಂತ 15ರಿಂದ 30 ಪಟ್ಟು ಹೆಚ್ಚು.

ಇಂಥ ಅಧ್ಯಯನಗಳು ಎಡವುವ ಜಾಗವೂ ಇದೇ. ಸೇದುವವರು ಸಾಮಾನ್ಯವಾಗಿ ಹಣ್ಣು, ತರಕಾರಿ ಕಡಿಮೆ ತಿನ್ನುತ್ತಾರೆ. ಧೂಮಪಾನದ ಲೆಕ್ಕವನ್ನು ಎಷ್ಟೇ ಸೂಕ್ಷ್ಮವಾಗಿ ಕಳೆದರೂ ಒಂದಿಷ್ಟು ಪಾಲು ಉಳಿದು, ಅದು "ಊಟದ ಗುಣ" ಎಂದು ಎಣಿಕೆಯಾಗಬಹುದು. ಮೇಲಿನ ಅಧ್ಯಯನದಲ್ಲಿ ಸಂಬಂಧ ಹೆಚ್ಚು ಗಟ್ಟಿಯಾಗಿ ಕಂಡದ್ದು ಸೇದುವುದನ್ನು ಬಿಟ್ಟವರಲ್ಲಿ. ಎರಡನೆಯ ಎಡವು: ಒಳಗೆ ಗಡ್ಡೆ ಬೆಳೆಯುತ್ತಿದ್ದವರಿಗೆ ಹಸಿವು ಮೊದಲೇ ಕಟ್ಟಿರುತ್ತದೆ. ರೋಗದಿಂದ ಊಟ ಕೆಟ್ಟಿತೋ, ಊಟ ಕೆಟ್ಟು ರೋಗ ಬಂತೋ ಅಂತ ಗೊತ್ತಾಗಬೇಕು. ಅದಕ್ಕೇ ಮೊದಲ ಒಂದೆರಡು ವರ್ಷದ ಪ್ರಕರಣಗಳನ್ನು ತೆಗೆದುಹಾಕಿ ಲೆಕ್ಕವನ್ನು ಮತ್ತೊಮ್ಮೆ ಮಾಡುತ್ತಾರೆ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯವರು ಹಣ್ಣು-ತರಕಾರಿ ಮತ್ತು ಶ್ವಾಸಕೋಶದ ನಂಟನ್ನು "ಸೀಮಿತ, ಸೂಚಕ" ಎಂಬ ದರ್ಜೆಯಲ್ಲೇ ಇಟ್ಟಿದ್ದಾರೆ.

ಗುಳಿಗೆಯ ಪ್ರಶ್ನೆಗೆ ಮಾತ್ರ ಸಂಶಯವೇ ಇಲ್ಲದ ಉತ್ತರ ಇದೆ: ಬೇಡ. ಫಿನ್ಲೆಂಡಿನಲ್ಲಿ 29,133 ಮಂದಿ ಸೇದುವ ಗಂಡಸರ ಮೇಲೆ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ, ಗಜ್ಜರಿಯಲ್ಲೂ ಇರುವ ಅಂಶ) ಗುಳಿಗೆ ತಗೊಂಡವರಲ್ಲಿ ಕ್ಯಾನ್ಸರ್ ಶೇ 18 ಹೆಚ್ಚಾಗಿತ್ತು. ಅಮೆರಿಕದ ಕ್ಯಾರೆಟ್ (CARET) ಎಂಬ ಹೆಸರಿನ ಪರೀಕ್ಷೆಯಲ್ಲಿ ಸೇದುವವರಿಗೆ, ಸೇದಿ ಬಿಟ್ಟವರಿಗೆ ಮತ್ತು ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಲ್ಲಿ ದುಡಿದವರಿಗೆ 30 ಮಿಲಿಗ್ರಾಂ ಬೀಟಾ ಕೆರೋಟಿನ್ ಜೊತೆಗೆ 25,000 ಯೂನಿಟ್ ವಿಟಮಿನ್ ಎ ಕೊಟ್ಟರು. ಶೇ 28 ಹೆಚ್ಚಾಯಿತು. 1996ರ ಜನವರಿಯಲ್ಲಿ, ಅವಧಿ ಮುಗಿಯಲು 21 ತಿಂಗಳು ಇರುವಾಗಲೇ, ಗುಳಿಗೆ ನಿಲ್ಲಿಸಿದರು. ಗಜ್ಜರಿ ತಿಂದರೆ ಏನೂ ಆಗುವುದಿಲ್ಲ, ಅದನ್ನೂ ಸ್ಪಷ್ಟ ಹೇಳಿ. ಇಲ್ಲದಿದ್ದರೆ ಗುಳಿಗೆಯ ಜೊತೆ ಗಜ್ಜರಿಯನ್ನೂ ಬಿಟ್ಟುಬಿಡುತ್ತಾರೆ.

———

ಬಿಳಿಜೋಳ (ವಿಜಯಪುರ)

ತಾಟಿನ ಲೆಕ್ಕ ನಾನು ಬರೀತೀನಿ. ಪೋಷಣಾ ಸಲಹೆ ಬರೆಯುವವರು ಇದನ್ನು ಅನ್ನದ ತಾಟಿಗೆ ಬರೆದು ನಮ್ಮ ಕಡೆ ಹಂಚುತ್ತಾರೆ, ಇದು ಸರಿಯಲ್ಲ.

ಊಟದ ಗುಣ ಅಳೆಯುವ ಅಮೆರಿಕದ "ಹೆಲ್ತಿ ಈಟಿಂಗ್ ಇಂಡೆಕ್ಸ್" ಪದ್ಧತಿಯಲ್ಲಿ ಈಗ 13 ಅಂಶಗಳಿಗೆ ಸೇರಿ 100 ಅಂಕ. ಅವನ್ನೆಲ್ಲ ಕಲಿಸುವ ಅಗತ್ಯವಿಲ್ಲ. ಆ 13ರಲ್ಲಿ ನಮ್ಮ ತಾಟು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಅನ್ನುವುದೇ ಮುಖ್ಯ. ಹೊಟ್ಟು ತೆಗೆಯದ ಧಾನ್ಯದಲ್ಲಿ ಜೋಳದ ರೊಟ್ಟಿ ಪೂರ್ತಿ ಅಂಕ ಹೊಡೆಯುತ್ತದೆ: 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನ್. ಒಂದು ಷರತ್ತು. ಗಿರಣಿಯಿಂದ ಬಂದ ಹಿಟ್ಟನ್ನು ಸಣ್ಣ ಕಣ್ಣಿನ ಸಾಣಿಗಿಯಲ್ಲಿ ಹಿಡಿದು ತೌಡು ತೆಗೆದರೆ ಆ ಅಂಕ ದನದ ಬಾನಿಗೆ ಹೋಯಿತು. ದೊಡ್ಡ ಕಣ್ಣಿನ ಸಾಣಿಗಿ ಸಾಕು. "ರೊಟ್ಟಿ ಹರೀತೈತಿ" ಅಂದರೆ ಅದಕ್ಕೆ ಕಾರಣ ತೌಡಲ್ಲ, ನೀರು ಸರಿಯಾಗಿ ಕುದಿಯದೆ ಹಿಟ್ಟಿಗೆ ಜಿಗಿ ಬಂದಿರುವುದಿಲ್ಲ. ಹಿಟ್ಟು ಹಳೆಯದಾದರೂ ಹಂಗೇ. ಹತ್ತು ದಿನಕ್ಕೆ ಆಗುವಷ್ಟೇ ಬೀಸಿಸಿ.

ಐಸಿಎಂಆರ್-ಎನ್‌ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) 2024ರಲ್ಲಿ ಕೊಟ್ಟ ತಾಟು 2,000 ಕ್ಯಾಲೊರಿಯದು: ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ-ತಪ್ಪಲು 400, ಹಣ್ಣು 100, ಶೇಂಗಾದಂಥವು 35, ಎಣ್ಣೆ 27, ಹಾಲು-ಮೊಸರು 300 ಮಿಲಿ. ಮನೆಯಲ್ಲೇ ಇರುವ 65ರ ಹೆಣ್ಣುಮಗಳಿಗೆ ಸುಮಾರು 1,500-1,600 ಕ್ಯಾಲೊರಿ ಸಾಕು. ಆದರೆ ಕಡಿತ ಮಾಡುವುದು ಧಾನ್ಯ ಮತ್ತು ಎಣ್ಣೆಯಲ್ಲಿ. ಕಾಳು, ತಪ್ಪಲು, ಮೊಸರಿನಲ್ಲಿ ಅಲ್ಲ. ವಯಸ್ಸಾದಂತೆ ಉಣ್ಣುವ ಪ್ರಮಾಣ ಇಳಿಯುತ್ತದೆ, ಮೈಕಟ್ಟಿಗೆ ಬೇಕಾದ ಪ್ರೋಟೀನ್ ಇಳಿಯುವುದಿಲ್ಲ.

ಆ ಲೆಕ್ಕಕ್ಕೆ ಒಂದು ದಿನ: ರೊಟ್ಟಿಗೆ 50 ಗ್ರಾಂ ಹಿಟ್ಟಿನಂತೆ ಮೂರು ರೊಟ್ಟಿ, ರಾತ್ರಿ ಒಂದು ವಾಟಗಾ ನುಚ್ಚು ಅಥವಾ ಅನ್ನ. ಗಟ್ಟಿ ಕಾಳುಪಲ್ಯೆ (ಮಡಿಕಿ, ಹೆಸರು, ಅಲಸಂದಿ) ಎರಡು ವಾಟಗಾ, ಅಂದರೆ ಒಣಗಿದ ಕಾಳು 70-80 ಗ್ರಾಂ. ತಪ್ಪಲುಪಲ್ಯೆ ಒಂದು ವಾಟಗಾ, ಕಾಯಿಪಲ್ಯೆ ಒಂದು ವಾಟಗಾ, ಜೊತೆಗೆ ಹಸೀದು: ಒಂದು ಸಣ್ಣ ಸವತಿಕಾಯಿ, ಮೂಲಂಗಿ, ಸಿಕ್ಕರೆ ಒಂದು ಹಿಡಿ ಹಕ್ಕರಕಿ. ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ ಎರಡು ಚಮಚ. ಮೊಸರು ಮಜ್ಜಿಗೆ ಸೇರಿ ಎರಡು ವಾಟಗಾ. ಹಣ್ಣು ಒಂದು. ಪೇರಲ ಬಂದಾಗ ಪೇರಲ, ಬಾರಿ ಬಂದಾಗ ಬಾರಿ, ಉಳಿದ ದಿನ ಬಾಳೆ ಅಥವಾ ಪಪಾಯಿ. ದಾಳಿಂಬೆ, ದ್ರಾಕ್ಷಿಯೇ ಆಗಬೇಕೆಂದಿಲ್ಲ.

ತಪ್ಪಲಿನ ಅಳತೆಯಲ್ಲಿ ಎಲ್ಲರೂ ಮೋಸ ಹೋಗುವುದು ಬೇಯಿಸಿದ ಮೇಲೆ. 100 ಗ್ರಾಂ ಹಸಿ ಮೆಂತೆ ಬೆಂದರೆ ಅಂಗೈಯಲ್ಲಿ ಹಿಡಿಯುವಷ್ಟೇ ಉಳಿಯುತ್ತದೆ. ಐದು ಮಂದಿಯ ಮನೆಗೆ ಎರಡು ಸಿವುಡು ತಂದರೆ ಒಬ್ಬೊಬ್ಬರಿಗೆ ಒಂದು ತುತ್ತು. ಬಾಡಿಸುವಾಗ ಒಂದು ಚಮಚ ಎಣ್ಣೆ ಇರಲಿ, ತಪ್ಪಲಿನ ಕೆರೋಟಿನ್ ಮೈಗೆ ಹತ್ತಲು ಕೊಬ್ಬು ಬೇಕು. ಉಣ್ಣುವಾಗ ಲಿಂಬಿ ಹಿಂಡಿದರೆ ಕಬ್ಬಿಣಾಂಶ ಹೆಚ್ಚು ಹತ್ತುತ್ತದೆ. ಊಟ ಆದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣಾಂಶ ಹೋಗುತ್ತದೆ, ಒಂದು ತಾಸು ಬಿಡಿ. ಹಲ್ಲು ಇಲ್ಲದವರಿಗೆ ಪುಂಡಿಪಲ್ಯೆಗಿಂತ ಒಳ್ಳೆಯ ಅಡಿಗೆ ಹುಡುಕಬೇಕಾಗಿಲ್ಲ: ತಪ್ಪಲು, ತೊಗರಿಬ್ಯಾಳಿ, ಜೋಳದ ನುಚ್ಚು ಮೂರೂ ಒಂದೇ ಗಡಿಗೆಯಲ್ಲಿ ಮೆತ್ತಗೆ ಬೆಂದು ಕಡೆದಿರುತ್ತವೆ. ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಲಿ.

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ತಪ್ಪಲು ತುಟ್ಟಿ. ಆಗ ನುಗ್ಗಿ ತಪ್ಪಲು, ಮೊಳಕೆ ಬಂದ ಮಡಿಕಿ.

ಸೋಲುವ ಜಾಗ ಉಪ್ಪು ಮತ್ತು ಸಕ್ಕರೆ. ದಿನಕ್ಕೆ ಉಪ್ಪು 5 ಗ್ರಾಂ, ಒಂದು ಚಹಾ ಚಮಚದಷ್ಟು. ಉಪ್ಪಿನಕಾಯಿ, ರಂಜಕ, ಹಪ್ಪಳ ಮೂರೂ ತಾಟಿನಲ್ಲಿದ್ದರೆ ಅಷ್ಟು ಅಲ್ಲಿಯೇ ಮುಗಿಯುತ್ತದೆ. ಸಕ್ಕರೆ 25 ಗ್ರಾಂ ಮಿತಿ. ಎರಡು ಚಮಚ ಹಾಕಿದ ಚಹಾ ನಾಲ್ಕು ಸಲ ಆದರೆ 40 ಗ್ರಾಂ ಆಯಿತು. ಬೆಲ್ಲ ಹಾಕಿದರೂ ಲೆಕ್ಕ ಅದೇ.

ಇಷ್ಟೆಲ್ಲ ಹೇಳಿದರೂ ತಾಟು ಸುಧಾರಿಸದೆ ಇರಲು ಒಂದೇ ಕಾರಣ: ಆಕೆ ಕಡೆಗೆ ಉಣ್ಣುತ್ತಾಳೆ. ಗಡಿಗೆಯ ತಳದಲ್ಲಿ ಕಾಳು ಉಳಿದಿರುವುದಿಲ್ಲ, ರಸ ಮಾತ್ರ. ಆ ರಸಕ್ಕೆ ಎರಡು ರೊಟ್ಟಿ ಅದ್ದಿ, ಹಿಂಡಿ ಹಚ್ಚಿ ಎದ್ದುಬಿಡುತ್ತಾಳೆ. ಮನೆಯಲ್ಲಿ ಬೆಂದದ್ದು ಒಳ್ಳೆಯ ಊಟವೇ, ಆಕೆಯ ಹೊಟ್ಟೆಗೆ ಹೋದದ್ದಲ್ಲ. ಅದಕ್ಕೆ ಸಭೆಯಲ್ಲಿ "ಏನು ಉಣ್ಣಬೇಕು" ಅನ್ನುವುದಕ್ಕಿಂತ ಮೊದಲು, ಬಡಿಸಲು ಕೂರುವ ಮುಂಚೆ ತನ್ನ ವಾಟಗಾ ಕಾಳುಪಲ್ಯೆ ಮತ್ತು ತಪ್ಪಲು ತೆಗೆದು ಮುಚ್ಚಿಡಬೇಕು ಅಂತ ಹೇಳಿ. ಸೊಸೆಯಂದಿರನ್ನೂ ಕರೆದು ಹೇಳಿ.

ಮೂತ್ರಪಿಂಡದ ತೊಂದರೆ ಇರುವವರಿಗೆ ಕಾಳು ಮತ್ತು ಹಣ್ಣಿನ ಪ್ರಮಾಣ ಅವರ ಡಾಕ್ಟರೇ ಹೇಳಬೇಕು. ರಕ್ತ ತೆಳ್ಳಗಾಗಲು ವಾರ್ಫರಿನ್ ತಗೊಳ್ಳುವವರು ತಪ್ಪಲನ್ನು ಬಿಡಬೇಕಾಗಿಲ್ಲ, ಒಂದು ವಾರ ರಾಶಿ ಇನ್ನೊಂದು ವಾರ ಸೊನ್ನೆ ಅಂತ ಮಾಡಬಾರದು.

———

ಬೆಳಕಿಂಡಿ (ಬಾಗಲಕೋಟೆ)

ಮೇಲಿನದೆಲ್ಲ ಸರಿ ಐತ್ರಿ, ಆದರ ಸೇದದ ಹೆಣ್ಣುಮಕ್ಕಳ ಪುಪ್ಪುಸದ (ಶ್ವಾಸಕೋಶದ) ಮಾತು ಬಂದಾಗ ತಾಟಿಗಿಂತ ಮುಂಚೆ ಒಲಿ ಬರಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಮನೆಯೊಳಗಿನ ಕಟ್ಟಿಗಿ ಹೊಗಿಯನ್ನು "ಬಹುಶಃ ಕ್ಯಾನ್ಸರ್ ಕಾರಕ" ಅನ್ನೋ 2ಎ ಗುಂಪಿನಾಗ ಇಟ್ಟಾರ. ಕಲ್ಲಿದ್ದಲ ಹೊಗಿ "ಖಾತ್ರಿ ಕ್ಯಾನ್ಸರ್ ಕಾರಕ" ಅನ್ನೋ 1ನೇ ಗುಂಪಿನಾಗ ಐತಿ, ಪಕ್ಕದವರು ಸೇದಿ ಬಿಟ್ಟ ಹೊಗಿನೂ 1ನೇ ಗುಂಪಿನಾಗೇ ಐತಿ. ಆಕಿ ಸೇದದಿದ್ದರೂ ಪಡಸಾಲ್ಯಾಗ ಕುಂತು ಗಂಡ, ಮಗ ಬೀಡಿ ಸೇದಿದರ ಅದು ಆಕಿ ಲೆಕ್ಕಕ್ಕೂ ಬೀಳತೈತಿ. ಕಾಯಿಸಿದ ಎಣ್ಣಿ ಹೊಗಿನೂ 2ಎ.

ಗ್ಯಾಸ್ ಬಂತು, ಹೊಗಿ ಹೋತು ಅಂತ ತಿಳಿಬ್ಯಾಡ್ರಿ. ಚಹಾ, ಪಲ್ಯೆ ಗ್ಯಾಸಿನ ಮ್ಯಾಲೆ ಆಗತಾವು. ದಿನಾ ತಾಸುಗಟ್ಟಲೆ ಉರಿಯೋದು ರೊಟ್ಟಿ ಒಲಿ ಮತ್ತು ಜಳಕದ ಹಂಡೆ ಒಲಿ. ಹಂಡೆ ಒಲಿಗಂತೂ ಹಸಿ ಹತ್ತಿಕಟಿಗಿ, ತೊಗರಿಕಟಿಗಿ, ಕುಳ್ಳು, ಹೊತ್ತಸಾಕ ಪ್ಲಾಸ್ಟಿಕ್ ಚೀಲ. ಮೊದಲು ಸರಿ ಮಾಡಬೇಕಾದ್ದು ಅದನ್ನ. ಹಂಡೆ ಹಿತ್ತಲಕ್ಕ ಹೋಗಲಿ, ಮೂರು ಕಡೆ ಗ್ವಾಡಿ ಇರೋ ಬಚ್ಚಲದಾಗ ಬ್ಯಾಡ. ಕಟಿಗಿ ಮುರಿದರ ಲಟಕ್ ಅನ್ನಬೇಕು, ಬಾಗಿದರ ಇನ್ನೂ ಹಸೀನೇ ಐತಿ, ಹೊಗಿ ಹೆಚ್ಚು. ಪ್ಲಾಸ್ಟಿಕ್ ಒಲಿಗೆ ಹಾಕಲೇಬಾರದು.

ನಮ್ಮ ಮಾಳಗಿ ಮನಿಗಳಾಗ ಒಲಿ ಮ್ಯಾಲೆ ಬೆಳಕಿಂಡಿ ಇರತೈತಿ. ಹಿರಿಯರು ಇಟ್ಟಿದ್ದು ಬೆಳಕಿಗೂ ಹೌದು, ಹೊಗಿಗೂ ಹೌದು. ಮಳಿಗಾಲಕ್ಕ ಅದರ ಮ್ಯಾಲೆ ತಗಡು ಬಡಿದು ಕಲ್ಲು ಹೇರಿದವರು ದೀಪಾವಳಿ ಆದರೂ ತಗಿಯಂಗಿಲ್ಲ. ತಗಡನ್ನ ನಾಕು ಇಟ್ಟಂಗಿ ಮ್ಯಾಲೆ ಎತ್ತಿ ಕೂಡ್ರಿಸಿದರ ಮಳಿ ಬರಂಗಿಲ್ಲ, ಹೊಗಿ ಹೋಗತೈತಿ. ಒಲಿ ಬೆಳಕಿಂಡಿ ಕೆಳಗೇ ಇರಬೇಕು, ಮೂಲ್ಯಾಗ ಒತ್ತಿದರ ಉಪಯೋಗ ಇಲ್ಲ. ಎದುರಿಗೆ ಬಾಗಿಲ ತಗದಿರಬೇಕು, ಗಾಳಿ ಒಳಗ ಬರದ ಹೊಗಿ ಮ್ಯಾಲೆ ಏಳಂಗಿಲ್ಲ.

ಅಸ್ತ್ರ ಒಲಿಯಂಥ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು) ಕೊಳವಿ ಒಲಿ ಇದ್ದರ ಹದಿನೈದು ದಿನಕ್ಕೊಮ್ಮೆ ಕೊಳವಿ ಮಸಿ ಬಡಿದು ತಗೀಬೇಕು. ಮಸಿ ಕಟ್ಟಿದರ ಹೊಗಿ ಒಲಿ ಬಾಯಿಂದಾನೇ ಹೊರಗ ಬರತೈತಿ, ಆಗ "ಈ ಒಲಿ ಸುಮಾರ" ಅಂತ ಕಿತ್ತು ಒಗೀತಾರ. ಕೊಳವಿ ಮಾಳಗಿಗಿಂತ ಎರಡು ಫೂಟ ಮ್ಯಾಲೆ ಇರಲಿ. ಮತ್ತ ಒಂದು ಮಾತು ಗಟ್ಟಿಯಾಗಿ ಹೇಳತೇನಿ: ಅಗ್ಗ ಅಂತ ಹಳೇ ಸಿಮೆಂಟ್ ಶೀಟಿನ ಕೊಳವಿ ತಂದು ಗರಗಸದಿಂದ ಕೊಯ್ಯಬ್ಯಾಡ್ರಿ. ಅದರಾಗ ಕಲ್ನಾರು ಇರತೈತಿ, ಅದರ ಧೂಳು ಸ್ವತಃ ಪುಪ್ಪುಸದ ಕ್ಯಾನ್ಸರಿಗೆ ಖಾತ್ರಿ ಕಾರಣ. ತಗಡಿನ ಕೊಳವಿ ಇಲ್ಲಾ ಮಣ್ಣಿನ ಕೊಳವಿ ಹಾಕ್ರಿ.

ಎಣ್ಣಿ ವಿಷಯ: ಗಾಣದ ಕುಸುಬಿ ಎಣ್ಣಿ ಬಲು ಬೇಗ ಹೊಗಿ ಆಡತೈತಿ. ಅದನ್ನ ಹಿಂಡಿಗೆ, ರೊಟ್ಟಿಗೆ ಹಸೀದೇ ಹಾಕ್ಕೊಂಡು ಉಣ್ಣಬೇಕು, ಭಜಿ ಕರೀಬಾರದು.

ಮಿಸರಿ ಬಗ್ಗೆ ಯಾರೂ ಬರೀಲಿಲ್ಲ. ಹೊಗಿ ಇಲ್ಲದ ತಂಬಾಕು ಬಾಯಿ, ಅನ್ನನಾಳ, ಮೇದೋಜೀರಕದ ಕ್ಯಾನ್ಸರಿಗೆ ಕಾರಣ. ಅದರ ಮ್ಯಾಲೆ ಮಿಸರಿ ಮಾಡುವಾಗ ತಂಬಾಕನ್ನ ಹಂಚಿನ ಮ್ಯಾಲೆ ಕರ್ರಗ ಆಗೋ ತನಕ ಹುರೀತಾರ, ಆ ಹೊಗಿಯನ್ನ ಮುಖ ಬಗ್ಗಿಸಿಕೊಂಡು ಕುಡೀತಾರ. "ನಾ ಸೇದಂಗಿಲ್ಲ" ಅನ್ನೋ ಮಾತಿಗೆ ಅರ್ಥ ಉಳಿಯಂಗಿಲ್ಲ. ನಿಪ್ಪಾಣಿ ಕಡೆ ಬೀಡಿ ತಂಬಾಕು ಮನ್ಯಾಗ ಇಟ್ಟು ಕೆಲಸ ಮಾಡೋರು ಅದನ್ನ ಅಡಗಿಮನಿ, ಮಲಗೋ ಖೋಲಿಯಿಂದ ದೂರ ಇಡಬೇಕು.

———

ಮಲಪ್ರಭಾದಂಡಿ

ಭಾಳ ಉಪಕಾರ ಆತ್ರಿ. ಹಂಗಾದರ ಒಂದು ತಾಸಿನಾಗ ಊಟದ ಮಾತೇ ಬಿಟ್ಟು ಒಲಿ, ಮಿಸರಿ ಬಗ್ಗೆ ಅಷ್ಟೇ ಹೇಳಲೇನ್ರಿ? ಮತ್ತ ಕೆಮ್ಮಿನ ಬಗ್ಗೆ ಯಾವ ಹಂತಕ್ಕ ಕಳಿಸಬೇಕು? ನಮ್ಮಲ್ಲಿ ಕಫದ ಪರೀಕ್ಷೆ ಆಗತೈತಿ, ಎಕ್ಸ್‌ರೇಗೆ ತಾಲೂಕಾಸ್ಪತ್ರಿ.

———

ಬಿಳಿಜೋಳ

ಊಟ ಬಿಡಬೇಡಿ ಸಿಸ್ಟರ್. ಪುಪ್ಪುಸಕ್ಕೆ ಸಾವಿರಕ್ಕೆ ಮೂರರ ಲೆಕ್ಕ ಇರಬಹುದು, ಆದರೆ ಅದೇ ತಾಟು ಸಕ್ಕರೆ ಕಾಯಿಲೆ, ಬಿಪಿ, ಹೃದಯ ಮೂರಕ್ಕೂ ಕೆಲಸ ಮಾಡುತ್ತದೆ, ಈ ವಯಸ್ಸಿನವರನ್ನು ಹೆಚ್ಚು ಕಾಡುವುದೂ ಅವೇ. "ಕ್ಯಾನ್ಸರ್ ತಡೆಯುವ ಊಟ" ಅನ್ನುವ ಹೆಸರು ಮಾತ್ರ ಬೇಡ. ನಲವತ್ತು ನಿಮಿಷ ಹೊಗೆ ಮತ್ತು ತಂಬಾಕು, ಇಪ್ಪತ್ತು ನಿಮಿಷ ಮುಚ್ಚಿಟ್ಟ ವಾಟಗಾ.

———

ಎದೆಗೂಡು (ಬೆಳಗಾವಿ)

ಕೆಮ್ಮಿನ ಪ್ರಶ್ನೆಗೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಕಡ್ಡಾಯ, ಅದು ನಿಮಗೆ ಗೊತ್ತು. ತಪ್ಪುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕಫದಲ್ಲಿ ಟಿಬಿ ಸಿಗಲಿಲ್ಲ, ಎಕ್ಸ್‌ರೇಯಲ್ಲಿ ನೆರಳಿದೆ, "ಟಿಬಿಯೇ ಇರಬೇಕು" ಎಂದು ಗುಳಿಗೆ ಶುರುವಾಗುತ್ತದೆ. ಆರು ತಿಂಗಳಾದರೂ ನೆರಳು ಹೋಗುವುದಿಲ್ಲ, ಅಷ್ಟರಲ್ಲಿ ಗಡ್ಡೆ ಶಸ್ತ್ರಚಿಕಿತ್ಸೆಯ ಹಂತ ದಾಟಿರುತ್ತದೆ. 50 ದಾಟಿದವರಲ್ಲಿ ಸಿಬಿನ್ಯಾಟ್ (ಟಿಬಿ ಪತ್ತೆಹಚ್ಚುವ ಯಂತ್ರದ ಪರೀಕ್ಷೆ) ಕೂಡ ನೆಗೆಟಿವ್ ಬಂದು ನೆರಳು ಉಳಿದಿದ್ದರೆ ಸಿಟಿ ಸ್ಕ್ಯಾನಿಗೆ ಕಳಿಸಿ. ನ್ಯುಮೋನಿಯಾ ಎಂದು ಚಿಕಿತ್ಸೆ ಕೊಟ್ಟಿದ್ದರೆ ಆರು ವಾರಕ್ಕೆ ಮತ್ತೊಂದು ಎಕ್ಸ್‌ರೇ ಆಗಲೇಬೇಕು, ಆಕೆ ಆರಾಮಾಗಿದ್ದೇನೆ ಅಂದರೂ. ಎಕ್ಸ್‌ರೇ ಸ್ವಚ್ಛ ಬಂದ ಮಾತ್ರಕ್ಕೆ ಸುಮ್ಮನಾಗಬೇಡಿ. ಹೃದಯದ ಹಿಂದೆ, ಕೊರಳೆಲುಬಿನ ಹಿಂದೆ ಇರುವ ಗಡ್ಡೆ ಅದರಲ್ಲಿ ಮರೆಯಾಗುತ್ತದೆ.

ಕಫದಲ್ಲಿ ರಕ್ತ, ಮೂರು ವಾರ ದಾಟಿದ ದನಿ ಒಡಕು, ಒಂದೇ ಭುಜದ ಬಿಡದ ನೋವು, ಉಗುರು ಗುಂಡಗೆ ಉಬ್ಬುವುದು: ಇವುಗಳಲ್ಲಿ ಒಂದಿದ್ದರೂ ಎರಡು ವಾರ ಕಾಯುವ ಅಗತ್ಯವಿಲ್ಲ, ಅದೇ ದಿನ ಬರೆದು ಕಳಿಸಿ.

ಒಂದು ಸೂಕ್ಷ್ಮ. ನೀವು ಊಟದ ಸಲಹೆ ಕೊಟ್ಟ ಮೇಲೆ ಯಾರಾದರೂ ತೆಳ್ಳಗಾದರೆ ಸಂಘದಲ್ಲಿ ಎಲ್ಲರೂ ಹೊಗಳುತ್ತಾರೆ. ಪ್ರಯತ್ನವೇ ಇಲ್ಲದೆ ಆರು ತಿಂಗಳಲ್ಲಿ ತೂಕದ ಶೇ 5 ಇಳಿದರೆ, 50 ಕಿಲೊ ಇದ್ದವರು ಎರಡೂವರೆ ಕಿಲೊ ಇಳಿದರೆ, ಅದನ್ನು ಊಟದ ಗುಣ ಎಂದು ಬಿಡಬಾರದು. ತೂಕದ ಯಂತ್ರ ಇಲ್ಲದ ಮನೆಯಲ್ಲಿ ಬಳೆ ನೋಡಿ: ಮೊಣಕೈವರೆಗೆ ಜಾರುವಂತಾದ ಬಳೆ, ನೆರಿಗೆ ಹೆಚ್ಚು ಹಿಡಿಯಬೇಕಾದ ಸೀರೆ. ಸಭೆಯ ದಿನವೇ ಎಲ್ಲರ ತೂಕ ಬರೆದಿಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಅದೇ ಯಂತ್ರದಲ್ಲಿ ನೋಡಿ.

"ಎಲ್ಲರಿಗೂ ಸ್ಕ್ಯಾನ್ ಮಾಡಿಸೋಣ" ಎಂದು ಯಾರಾದರೂ ಶಿಬಿರ ತಂದರೆ ಒಪ್ಪಬೇಡಿ. ಕಡಿಮೆ ಪ್ರಮಾಣದ ಸಿಟಿ ತಪಾಸಣೆಯ ಅಮೆರಿಕದ 2021ರ ನಿಯಮ 50ರಿಂದ 80 ವರ್ಷದ, ದಿನಕ್ಕೊಂದು ಪ್ಯಾಕಿನಂತೆ 20 ವರ್ಷಕ್ಕೆ ಸಮನಾಗಿ ಸೇದಿದ, ಈಗಲೂ ಸೇದುವ ಅಥವಾ ಬಿಟ್ಟು 15 ವರ್ಷ ಆಗದವರಿಗೆ. ನಿಮ್ಮ ಸಂಘದವರು ಆ ಗುಂಪಿಗೆ ಸೇರುವುದಿಲ್ಲ. ಹಳೆಯ ಟಿಬಿಯ ಕಲೆಗಳು ನಮ್ಮ ಕಡೆ ಎಷ್ಟೋ ಎದೆಗಳಲ್ಲಿವೆ, ಅವುಗಳನ್ನೇ ಗಡ್ಡೆ ಎಂದು ಹಿಡಿದು ಸೂಜಿ ಚುಚ್ಚುವಂತಾಗುತ್ತದೆ.

ರೋಗ ಖಚಿತವಾದರೆ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ನಿಮಗೆ ಹತ್ತಿರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿರಲಿ. ತುಂಡು ಪರೀಕ್ಷೆಗೆ (ಬಯಾಪ್ಸಿ) ಹೋದಾಗ ಇಜಿಎಫ್‌ಆರ್ ಪರೀಕ್ಷೆ (ಗಡ್ಡೆಯಲ್ಲಿ ಆ ಹೆಸರಿನ ಜೀನ್ ಬದಲಾಗಿದೆಯೇ ಎಂದು ನೋಡುವುದು) ಕೇಳಲು ಹೇಳಿ. ಸೇದದ ಹೆಣ್ಣುಮಕ್ಕಳಲ್ಲಿ ಬರುವುದು ಹೆಚ್ಚಾಗಿ ಅಡಿನೊಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್, ಅದರಲ್ಲಿ ಈ ಬದಲಾವಣೆ ಸಿಕ್ಕರೆ ಗುಳಿಗೆಯ ಚಿಕಿತ್ಸೆಯೇ ಸಾಧ್ಯವಾಗುತ್ತದೆ.